ಮೊದಲು ತೀರ್ಮಾನ, ಆಮೇಲೆ ವಿಚಾರಣೆ



ದುಡಿಯುವವರ ಬದುಕಿಗೆ ಸಂಬಂಧಪಟ್ಟ ಯಾವುದಾದರೂ ವಿಷಯದ ಮೇಲೆ ಮಾತಾಡಿ ಎಂದು ಸಂಘಟಕರು ನನಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಕನಿಷ್ಠ ಕೂಲಿ, ಗುತ್ತಿಗೆ ಪದ್ಧತಿ, ಹೊಸ ಕಾರ್ಮಿಕ ಸಂಹಿತೆಗಳು ಹೀಗೆ ದೊಡ್ಡ ವಿಷಯಗಳು ಬೇಕಾದಷ್ಟಿವೆ. ನಾನು ಆರಿಸಿಕೊಂಡದ್ದು ಸಣ್ಣ ಕೋಣೆಯೊಂದರಲ್ಲಿ, ಒಂದು ಮೇಜು, ನಾಲ್ಕು ಕುರ್ಚಿ, ಒಬ್ಬ ಬೆರಳಚ್ಚುಗಾರರ ನಡುವೆ ನಡೆಯುವ ಕೆಲಸ. ಸರ್ಕಾರಿ ಕಚೇರಿಯಲ್ಲಿ ಅದಕ್ಕೆ ಡಿ.ಇ., ಅಂದರೆ ಇಲಾಖಾ ವಿಚಾರಣೆ, ಎನ್ನುತ್ತಾರೆ. ‘ಅವರ ಮೇಲೆ ಡಿ.ಇ. ಇದೆ’ ಎಂದರೆ ಬಡ್ತಿ ನಿಂತಿತು, ಪಿಂಚಣಿ ತೂಗುಯ್ಯಾಲೆ, ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ ಎಂದು ಅರ್ಥ. ಕಾರ್ಖಾನೆಯಲ್ಲಿ ಅದೇ ಎನ್‌ಕ್ವೈರಿ. ಐ.ಟಿ. ಕಂಪನಿಗಳಲ್ಲಿ ‘ಎಚ್.ಆರ್. ಕರೆದಿದ್ದಾರಂತೆ’ ಎಂಬ ಪಿಸುಮಾತು.

ಈ ವಿಚಾರಣೆಯ ವೈಚಿತ್ರ್ಯ ನೋಡಿ. ದೂರು ಯಜಮಾನನದು. ಆರೋಪ ಬರೆಯುವವನು ಅವನೇ, ವಿಚಾರಣಾಧಿಕಾರಿಯನ್ನು ನೇಮಿಸುವವನೂ ಅವನೇ, ಕೊನೆಗೆ ಶಿಕ್ಷೆ ವಿಧಿಸುವವನೂ ಅವನೇ. ಬೇರೆಲ್ಲೂ ಇದನ್ನು ನ್ಯಾಯ ಎಂದು ಯಾರೂ ಒಪ್ಪುವುದಿಲ್ಲ. ಉದ್ಯೋಗದಲ್ಲಿ ಕಾನೂನು ಒಪ್ಪಿದೆ, ಯಾಕೆಂದರೆ ಪ್ರತಿ ಗೈರುಹಾಜರಿಗೂ ಪ್ರತಿ ಜಗಳಕ್ಕೂ ಕೋರ್ಟಿನ ಮೆಟ್ಟಿಲು ಹತ್ತಬೇಕೆಂದರೆ ಯಾವ ಕಚೇರಿಯೂ ನಡೆಯದು. ಆದರೆ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರುವುದಕ್ಕೆ ಪ್ರತಿಯಾಗಿ ಕಾನೂನು ಒಂದನ್ನು ಕೇಳುತ್ತದೆ: ವಿಚಾರಣೆ ಮುಗಿಯುವವರೆಗೆ ತೀರ್ಮಾನಿಸಬೇಡ. ನಮ್ಮಲ್ಲಿ ಕೆಡುವ ವಿಚಾರಣೆಗಳಲ್ಲಿ ಹೆಚ್ಚಿನವು ಕೆಡುವುದು ಈ ಒಂದನ್ನು ಪಾಲಿಸದೆ. ಆಳನ್ನು ತೆಗೆಯಬೇಕೆಂದು ಮೊದಲೇ ನಿಶ್ಚಯವಾಗಿರುತ್ತದೆ, ಕಡತ ತುಂಬಿಸಲು ಮಾತ್ರ ವಿಚಾರಣೆ. ಅದರಿಂದ ನಿರಪರಾಧಿಗೆ ಅನ್ಯಾಯವಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ನಿಜವಾಗಿ ಕದ್ದವನೂ ಅದೇ ಬಾಗಿಲಿನಿಂದ ಹಿಂಬಾಕಿ ಸಂಬಳ ಎಣಿಸಿಕೊಂಡು ಮತ್ತೆ ಕೆಲಸಕ್ಕೆ ಬರುತ್ತಾನೆ ಎನ್ನುವುದು ಆಡಳಿತ ವರ್ಗಕ್ಕೆ ಇನ್ನೂ ಸರಿಯಾಗಿ ಮನವರಿಕೆಯಾಗಿಲ್ಲ.

ನಮ್ಮದೇ ನೆಲದ ಒಂದು ಪ್ರಕರಣ ತೆಗೆದುಕೊಳ್ಳೋಣ. ಕೋಲಾರದ ಚಿನ್ನದ ಗಣಿ, ಭಾರತ್ ಗೋಲ್ಡ್ ಮೈನ್ಸ್. 1985ರ ಜೂನ್ 2ರಂದು ಗಣಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸ್ ದಾಳಿ ನಡೆಯಿತು. ಸಿಕ್ಕಿತೆಂದು ಹೇಳಿದ್ದು 4.5 ಗ್ರಾಂ ತೂಕದ ಒಂದು ಚಿನ್ನದ ಉಂಡೆ ಮತ್ತು 1,276 ಗ್ರಾಂ ಚಿನ್ನ ಬೆರೆತ ಮರಳು. ಅಮಾನತಾಯಿತು. ಒಂದು ಕಡೆ ಕ್ರಿಮಿನಲ್ ಮೊಕದ್ದಮೆ, ಇನ್ನೊಂದು ಕಡೆ ಇಲಾಖಾ ವಿಚಾರಣೆ, ಎರಡಕ್ಕೂ ಆಧಾರ ಅದೇ ದಾಳಿ, ಸಾಕ್ಷಿಗಳು ಅದೇ ಪೊಲೀಸರು. ಕ್ರಿಮಿನಲ್ ಪ್ರಕರಣ ಮುಗಿಯುವವರೆಗೆ ವಿಚಾರಣೆ ತಡೆಯಿರಿ ಎಂದು ಅವರು ಕೇಳಿದರು. ಕಂಪನಿ ಕೇಳಲಿಲ್ಲ. ಅವರು ಕೇರಳದ ತಮ್ಮ ಊರಿನಲ್ಲಿದ್ದರು. ಮೈಗೆ ಸೌಖ್ಯವಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಅಮಾನತಿನಲ್ಲಿರುವ ನೌಕರನಿಗೆ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಕಂಪನಿ ಕೊಟ್ಟೇ ಇರಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ಮುಗಿದು 1986ರ ಜೂನ್‌ನಲ್ಲಿ ವಜಾ ಆದೇಶ ಹೊರಬಿತ್ತು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ದಾಳಿಯಲ್ಲಿ ಆ ಮನೆಯಿಂದ ಚಿನ್ನ ಸಿಕ್ಕಿತೆನ್ನುವುದೇ ಸಾಬೀತಾಗಲಿಲ್ಲ.

ಇಷ್ಟಾದ ಮೇಲೂ ಕಂಪನಿ ತನ್ನ ಆದೇಶಕ್ಕೆ ಅಂಟಿಕೊಂಡಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1999ರ ಮಾರ್ಚ್ 30ರಂದು. ಇಲಾಖಾ ವಿಚಾರಣೆಯೂ ಕ್ರಿಮಿನಲ್ ಪ್ರಕರಣವೂ ಒಟ್ಟಿಗೆ ನಡೆಯಬಾರದೆಂದೇನೂ ಇಲ್ಲ ಎಂದು ನ್ಯಾಯಾಲಯ ಹೇಳಿತು. ಆರೋಪ ಗಂಭೀರವಾಗಿದ್ದು, ಸಂಗತಿಗಳೂ ಸಾಕ್ಷ್ಯವೂ ಒಂದೇ ಆಗಿ, ಪ್ರಶ್ನೆಗಳು ಜಟಿಲವಾಗಿದ್ದರೆ ತಡೆಯುವುದು ಒಳ್ಳೆಯದು ಎಂದಿತು. ವಿದ್ಯಾರ್ಥಿಗಳು ಪರೀಕ್ಷೆಗೆ ಬರೆಯುವುದು ಇಷ್ಟನ್ನೇ. ನನ್ನ ಮಟ್ಟಿಗೆ ಆ ತೀರ್ಪಿನ ಜೀವ ಇನ್ನೊಂದು ಕಡೆ ಇದೆ. ಬಸ್ ಚಾರ್ಜಿಗೆ ದುಡ್ಡಿಲ್ಲದಂತೆ ಮಾಡಿ, ಆಮೇಲೆ ‘ನೋಟಿಸು ಕೊಟ್ಟೆವು, ಅವರೇ ಬರಲಿಲ್ಲ’ ಎಂದು ಬರೆದುಕೊಳ್ಳುವುದು ವಿಚಾರಣೆಯೇ ಅಲ್ಲ ಎಂದು ನ್ಯಾಯಾಲಯ ಸಾರಿತು. ಮರುನೇಮಕವಾಯಿತು, ಅಮಾನತಾದ ದಿನದಿಂದ ಪೂರ್ತಿ ಸಂಬಳ ಭತ್ಯೆ ಕೊಡಬೇಕೆಂದು ಆದೇಶವಾಯಿತು. ಎರಡು ವರ್ಷದೊಳಗೆ, 2001ರಲ್ಲಿ, ಗಣಿಯೇ ಮುಚ್ಚಿತು.

ಈ ಜೀವನಾಧಾರ ಭತ್ಯೆಯ ಲೆಕ್ಕ ಗೊತ್ತಿಲ್ಲದ ಅಧಿಕಾರಿ ಇಲ್ಲ. ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ತಡ ನೌಕರನಿಂದ ಆಗದಿದ್ದರೆ ಮುಕ್ಕಾಲು. ಕರ್ನಾಟಕದ 1988ರ ಕಾಯ್ದೆ ಇನ್ನೂ ಮುಂದೆ ಹೋಗಿ, 180 ದಿನ ದಾಟಿದರೆ ಶೇ. 90 ಎಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧ ಸಂಹಿತೆ, ಅಮಾನತಿನಲ್ಲಿಟ್ಟವರ ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನಗಳಲ್ಲಿ ಮುಗಿಸಿ ಎನ್ನುತ್ತದೆ. ಆದರೂ ಭತ್ಯೆಯ ಕಡತ ಲೆಕ್ಕ ಶಾಖೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ, ವಿಚಾರಣೆಯ ಕಡತ ಓಡುತ್ತಿರುತ್ತದೆ. ಈ ಎರಡು ಕಡತಗಳನ್ನು ಜೋಡಿಸಿ ನೋಡುವ ಅಭ್ಯಾಸ ಇಟ್ಟುಕೊಂಡ ವಿಚಾರಣಾಧಿಕಾರಿಯ ಅರ್ಧ ಕೆಲಸ ಸುಗಮವಾದಂತೆ.

ಇನ್ನು ದೋಷಾರೋಪಣಾ ಪಟ್ಟಿ. ನಮ್ಮ ಕಚೇರಿ ಕನ್ನಡಕ್ಕೆ ಇಲ್ಲಿ ತನ್ನದೇ ಒಂದು ಪ್ರತಿಭೆ ಇದೆ. ‘ಸದರಿ ನೌಕರರು ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ ತೋರಿ, ಮೇಲಧಿಕಾರಿಗಳೊಂದಿಗೆ ಉದ್ಧಟತನದಿಂದ ವರ್ತಿಸಿ, ಅವಾಚ್ಯ ಶಬ್ದಗಳಿಂದ ನಿಂದಿಸಿ, ಸಂಸ್ಥೆಯ ಘನತೆಗೆ ಧಕ್ಕೆ ತಂದಿರುತ್ತಾರೆ.’ ಈ ವಾಕ್ಯವನ್ನು ಯಾರ ಮೇಲೆ ಬೇಕಾದರೂ, ಯಾವ ವರ್ಷ ಬೇಕಾದರೂ ಹಾಕಬಹುದು. ಇದಕ್ಕೆ ಉತ್ತರ ಕೊಡುವುದು ಹೇಗೆ? ಯಾವ ದಿನ? ಯಾವ ಪಾಳಿ? ಯಾವ ಮೇಲಧಿಕಾರಿ? ಬದಲಿಗೆ ಹೀಗೆ ಬರೆಯಿರಿ: ಮಾರ್ಚ್ 14ರ ಸಂಜೆ 5-40ಕ್ಕೆ, ಎರಡನೇ ಪಾಳಿಯಲ್ಲಿ, ಪ್ಯಾಕಿಂಗ್ ವಿಭಾಗದ ತೂಕದ ಯಂತ್ರದ ಬಳಿ, ಇಂಥ ಮೇಲ್ವಿಚಾರಕರು ರಜೆ ಅರ್ಜಿ ತಿರಸ್ಕರಿಸಿದಾಗ ಅವರ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದಿರಿ, ಆಗ ಇಂಥಿಂಥವರು ಅಲ್ಲಿದ್ದರು. ಈಗ ನೌಕರ ಹೇಳಬಲ್ಲ: ಅಂದು ನಾನು ಮೊದಲ ಪಾಳಿಯಲ್ಲಿದ್ದೆ, ಪಂಚಿಂಗ್ ದಾಖಲೆ ನೋಡಿ. ಆರೋಪ ಸುಳ್ಳಾದರೆ ಮೊದಲ ದಿನವೇ ಬಯಲಾಗುತ್ತದೆ. ನಿಜವಾದರೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಬೈದ ಮಾತೇ ಆರೋಪವಾದರೆ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು ಎಂದು ನನ್ನ ಅಭಿಪ್ರಾಯ. ಬೆರಳಚ್ಚುಗಾರರಿಗೆ ಮುಜುಗರವಾಗುತ್ತದೆ ಎಂದು ‘ಅವಾಚ್ಯ’ದ ಹಿಂದೆ ಅಡಗಿದರೆ, ಅದು ನಿಜಕ್ಕೂ ಬೈಗುಳವೋ, ನಮ್ಮ ಕಡೆ ಸ್ನೇಹಿತರು ದಿನಾ ಆಡುವ ಮಾತೋ ಎಂದು ನಿರ್ಧರಿಸುವುದು ಹೇಗೆ?

ಪಟ್ಟಿಯಲ್ಲಿ ಇನ್ನೊಂದು ವಿಷ ಇರುತ್ತದೆ. ‘ನಿಮ್ಮ ದುರ್ನಡತೆ ಸಾಬೀತಾಗಿದ್ದು, ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು’ ಎಂಬ ಒಕ್ಕಣೆ. ಸಾಬೀತಾದ ಮೇಲೆ ವಿಚಾರಣೆ ಯಾತಕ್ಕೆ? 2010ರಲ್ಲಿ ಓರಿಕ್ಸ್ ಫಿಷರೀಸ್ ಎಂಬ ಕಂಪನಿಯ ನೋಂದಣಿ ರದ್ದಾದ ಪ್ರಕರಣದಲ್ಲಿ, ಕಾರಣ ಕೇಳುವ ನೋಟಿಸಿನಲ್ಲೇ ತಪ್ಪಿತಸ್ಥನೆಂದು ತೀರ್ಮಾನ ಬರೆದಿದ್ದರೆ ಮುಂದಿನದೆಲ್ಲ ಶಾಸ್ತ್ರಕ್ಕೆ ನಡೆದ ನಾಟಕವಾಗುತ್ತದೆಂದು ಸುಪ್ರೀಂ ಕೋರ್ಟ್ ಆದೇಶ ರದ್ದುಪಡಿಸಿತು. ಅದು ನೌಕರಿಯ ಪ್ರಕರಣವಲ್ಲ, ಆದರೆ ಹಿಂದಿನ ಕಡತದಿಂದ ಒಕ್ಕಣೆ ನಕಲು ಮಾಡುವ ನಮ್ಮ ಗುಮಾಸ್ತರೆಲ್ಲರಿಗೂ ಸಲ್ಲುತ್ತದೆ.

ವಿಚಾರಣಾಧಿಕಾರಿಯ ಕುರ್ಚಿಯಲ್ಲಿ ಯಾರು ಕೂರಬೇಕು? ಉತ್ತರ ಪ್ರದೇಶದ ಒಂದು ಹಳೆಯ ಪ್ರಕರಣ ನನಗೆ ಯಾವತ್ತೂ ಮರೆಯದು. 1948. ತರಬೇತಿಗೆ ತನ್ನ ಹೆಸರಿಗೆ ಒಪ್ಪಿಗೆ ಸಿಕ್ಕಿದೆ ಎನ್ನುವ ಖೋಟಾ ಪತ್ರ ಹುಟ್ಟಿಸಿದ ಆರೋಪ ಒಬ್ಬ ಹೆಡ್ ಕಾನ್‌ಸ್ಟೇಬಲ್ ಮೇಲೆ. ವಿಚಾರಣೆ ಒಬ್ಬ ಪೊಲೀಸ್ ಅಧಿಕಾರಿಯ ಮುಂದೆ. ಮುಖ್ಯ ಸಾಕ್ಷಿ ಹಿಂದೆ ಹೇಳಿದ್ದನ್ನು ಈಗ ಹೇಳಲಿಲ್ಲ. ಆಗ ವಿಚಾರಣಾಧಿಕಾರಿ ಸ್ವತಃ ಕುರ್ಚಿಯಿಂದ ಎದ್ದು, ಇನ್ನೊಬ್ಬ ಅಧಿಕಾರಿಯ ಮುಂದೆ ನೌಕರನ ವಿರುದ್ಧ ಸಾಕ್ಷಿ ನುಡಿದು, ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತು, ತನ್ನ ಸಾಕ್ಷ್ಯವನ್ನು ತಾನೇ ನಂಬಿ ವರದಿ ಬರೆದರು. ನೌಕರ ವಜಾ. 1957ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಖಂಡಿಸಿತು. ಹಾಗಾದರೆ ಹೆಡ್ ಕಾನ್‌ಸ್ಟೇಬಲ್ ಗೆದ್ದರೇ? ಇಲ್ಲ. ವಜಾ ಆದದ್ದು ಸಂವಿಧಾನ ಜಾರಿಗೆ ಬರುವ ಮೊದಲು, ಹೈಕೋರ್ಟಿಗೆ 226ನೇ ವಿಧಿಯ ಅಧಿಕಾರ ಬಂದದ್ದು ಸಂವಿಧಾನದಿಂದ, ಆ ಅಧಿಕಾರ ಹಿಂದಕ್ಕೆ ಅನ್ವಯಿಸದು ಎಂದು ಸರ್ಕಾರದ ಮೇಲ್ಮನವಿಯನ್ನೇ ನ್ಯಾಯಾಲಯ ಪುರಸ್ಕರಿಸಿತು. ವಿಚಾರಣೆ ಕೆಟ್ಟದ್ದೆಂದು ಎಲ್ಲರೂ ಒಪ್ಪಿದರು, ನೌಕರಿ ಮಾತ್ರ ಹೋಯಿತು. ಮೇಲಿನ ನ್ಯಾಯಾಲಯ ಸರಿಪಡಿಸುತ್ತದೆ ಬಿಡಿ ಎನ್ನುವವರು ಈ ಪ್ರಕರಣವನ್ನು ಓದಬೇಕು.

ಬಂಗಾಳದ ಮೀನ್‌ಗ್ಲಾಸ್ ಚಹಾ ತೋಟದಲ್ಲಿ ಇನ್ನೂ ಸರಳವಾಗಿ ಮುಗಿಸಿದ್ದರು. ಹಲ್ಲೆಗೆ ಗುರಿಯಾದ ಮ್ಯಾನೇಜರುಗಳೇ ಹಲ್ಲೆಯ ವಿಚಾರಣೆ ನಡೆಸಿದರು. ಕಾರ್ಮಿಕರ ಎದುರು ಒಬ್ಬ ಸಾಕ್ಷಿಯನ್ನೂ ಕೂರಿಸಲಿಲ್ಲ. 1963ರಲ್ಲಿ ಅದು ಬಿದ್ದುಹೋಯಿತು. ಇಂದು ಯಾರೂ ಇಷ್ಟು ಬಹಿರಂಗವಾಗಿ ಮಾಡುವುದಿಲ್ಲ. ಮ್ಯಾನೇಜರ ಕೈಕೆಳಗಿನವರನ್ನೇ ಕೂರಿಸುತ್ತಾರೆ. ಆರೋಪವನ್ನು ಮಂಡಿಸಲು ಬೇರೆ ಮಂಡನಾಧಿಕಾರಿಯನ್ನು ನೇಮಿಸುವುದಿಲ್ಲ, ಹಾಗಾಗಿ ವಿಚಾರಣಾಧಿಕಾರಿಯೇ ಸಾಕ್ಷಿಗಳಿಂದ ಹೇಳಿಕೆ ಎಳೆಯುತ್ತಾ, ನೌಕರನಿಗೆ ಪಾಟೀಸವಾಲು ಹಾಕುತ್ತಾ, ತನಗೇ ಗೊತ್ತಿಲ್ಲದೆ ವಕೀಲನಾಗಿಬಿಡುತ್ತಾರೆ. ವಿಚಾರಣಾಧಿಕಾರಿ ಇಲಾಖೆಯ ಪ್ರತಿನಿಧಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಹಾಗೆಂದು ನಾನು ಇಲಾಖಾ ವಿಚಾರಣೆಯನ್ನು ಸೆಷನ್ಸ್ ನ್ಯಾಯಾಲಯ ಮಾಡಿ ಎನ್ನುತ್ತಿಲ್ಲ. ಇಲ್ಲಿ ಸಂದೇಹಾತೀತವಾಗಿ ರುಜುವಾತು ಬೇಕಿಲ್ಲ. ಒಟ್ಟು ನೋಡಿದರೆ ಹೀಗೆ ನಡೆದಿರುವ ಸಂಭವವೇ ಹೆಚ್ಚು ಎನ್ನುವಷ್ಟಿದ್ದರೆ ಸಾಕು. ಹರಿಯಾಣದ ಬಸ್ ಕಂಡಕ್ಟರ್ ಪ್ರಕರಣ ಇದಕ್ಕೆ ಮಾದರಿ. ದುಡ್ಡು ಕೊಟ್ಟರೂ ಟಿಕೆಟ್ ಸಿಗದ ಪ್ರಯಾಣಿಕರನ್ನು ತನಿಖಾ ದಳ ಹಿಡಿಯಿತು. ಪ್ರಯಾಣಿಕರು ಬರವಣಿಗೆಯಲ್ಲಿ ಹೇಳಿಕೆ ಕೊಡಲಿಲ್ಲ, ಯಾರು ಕೊಡುತ್ತಾರೆ ಹೇಳಿ? ಊರಿಗೆ ಹೋಗುವ ಆತುರ ಅವರಿಗೆ. ಒಬ್ಬ ಪ್ರಯಾಣಿಕನನ್ನೂ ವಿಚಾರಿಸಿಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಕಂಡಕ್ಟರ್ ಪರ ನಿಂತವು. 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಿರುಗಿಸಿದರು. ಸಾಕ್ಷ್ಯ ಅಧಿನಿಯಮದ ಕಟ್ಟುಪಾಡು ಇಲ್ಲಿಗೆ ಪೂರ್ತಿ ಅನ್ವಯಿಸದು. ಕೇಳಿದ ಮಾತೂ ವಿಶ್ವಾಸಾರ್ಹವಾಗಿದ್ದು ಆರೋಪಕ್ಕೆ ಸಂಬಂಧಿಸಿದ್ದರೆ ಪರಿಗಣಿಸಬಹುದು. ತನಿಖಾ ದಳದ ಇನ್‌ಸ್ಪೆಕ್ಟರ್ ಸಾಕ್ಷ್ಯವೇ ಸಾಕು. ನಮ್ಮ ಕೆ.ಎಸ್.ಆರ್.ಟಿ.ಸಿ. ಡಿಪೊಗಳಲ್ಲಿ ನಡೆಯುವ ಸಾವಿರಾರು ವಿಚಾರಣೆಗಳು ಈ ತೀರ್ಪಿನ ಮೇಲೆ ನಿಂತಿವೆ. ಆದರೆ ಆ ಇನ್‌ಸ್ಪೆಕ್ಟರ್ ಖುದ್ದಾಗಿ ಬಂದು ಸಾಕ್ಷಿ ನುಡಿದಿದ್ದರು ಎನ್ನುವುದನ್ನು ಮರೆಯಬೇಡಿ. ಇಂದು ಎಷ್ಟೋ ಕಡೆ ಕಾಗದವನ್ನು ಮಾತ್ರ ಹಾಜರುಪಡಿಸುತ್ತಾರೆ, ಬರೆದವರು ಬರುವುದೇ ಇಲ್ಲ. 2008ರ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನೇ ಆಧಾರ ಮಾಡಿಕೊಂಡು ನೌಕರನನ್ನು ವಜಾ ಮಾಡಿದ್ದರು. ಕಡತಕ್ಕೆ ಸೇರಿಸಿದ ಮಾತ್ರಕ್ಕೆ ಕಾಗದ ಸಾಕ್ಷ್ಯವಾಗದು ಎಂದು ನ್ಯಾಯಾಲಯ ಅದನ್ನು ರದ್ದುಮಾಡಿತು. ಈಗಿನ ವಾಟ್ಸಾಪ್ ಸ್ಕ್ರೀನ್‌ಶಾಟುಗಳಿಗೂ ಇದೇ ಮಾತು. ಯಾರ ಫೋನಿನಿಂದ, ಯಾವಾಗ, ಹಿಂದೆ ಮುಂದೆ ಏನಿತ್ತು ಎಂದು ಹೇಳುವ ಮನುಷ್ಯ ಬೇಕು. ಸಿ.ಸಿ. ಟಿ.ವಿ. ದೃಶ್ಯವನ್ನಂತೂ ದೂರು ಬಂದ ದಿನವೇ ತೆಗೆದಿಡಬೇಕು, ಹಳೆಯದರ ಮೇಲೆ ಹೊಸದು ತಾನಾಗಿ ಮುದ್ರಣವಾಗುತ್ತಾ ಹೋಗುತ್ತದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ವಿಚಾರಣಾಧಿಕಾರಿಗಳಿಗೆ ಬಹಳ ಪ್ರಿಯ. ‘ಬೆವರಿದ’, ‘ತೊದಲಿದ’, ‘ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ’ ಎಂದೆಲ್ಲ ವರದಿಯಲ್ಲಿ ಬರೆಯುವುದನ್ನು ಕಂಡಿದ್ದೇನೆ. ಅನ್ನಕ್ಕೆ ಕುತ್ತು ಬಂದಾಗ ಏನೂ ಕದಿಯದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ನುರಿತ ಕಳ್ಳ ಮಾತ್ರ ಮುಟ್ಟುವುದಿಲ್ಲ.

ಭಾಷೆಯದೂ ಒಂದು ಸಮಸ್ಯೆ. ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಸ್ಥಾಯಿ ಆದೇಶಗಳನ್ನು, ಅಂದರೆ ಸಂಸ್ಥೆಯ ಸೇವಾ ನಿಯಮಗಳನ್ನು, ಗೇಟಿನ ಬಳಿ ಹಾಕಬೇಕೆಂದು 1946ರ ಕಾಯ್ದೆ ಆಗಲೇ ಹೇಳಿತ್ತು. ಒಂದು ಕಾಲಕ್ಕೆ ಇಂಗ್ಲಿಷಿನ ಮೆಮೊ ಹಿಡಿದು ಕನ್ನಡದ ಕಾರ್ಮಿಕ ಬೀದಿ ಬೀದಿ ಅಲೆಯುತ್ತಿದ್ದ, ಓದಿ ಹೇಳಿ ಸ್ವಾಮಿ ಎಂದು. ನಾವು ಹೋರಾಡಿ ಕನ್ನಡದಲ್ಲಿ ಕೊಡಿಸಿದೆವು. ಈಗ ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ ಯಂತ್ರದ ಮುಂದೆ ನಿಂತಿರುವ ಎಷ್ಟೋ ಹುಡುಗರು ಒಡಿಶಾದವರು, ಬಿಹಾರದವರು. ಅವರ ಕೈಗೆ ಕನ್ನಡದ ಆರೋಪ ಪಟ್ಟಿ ಕೊಟ್ಟು ಸಹಿ ಹಾಕಿಸಿಕೊಂಡರೆ, ಅಂದು ನಮಗೆ ಆದದ್ದನ್ನೇ ನಾವು ಅವರಿಗೆ ಮಾಡಿದಂತೆ. ವಿಚಾರಣೆಯ ಭಾಷೆ ಆಪಾದಿತನಿಗೆ ತಿಳಿಯುವ ಭಾಷೆಯಾಗಿರಬೇಕು, ದುಭಾಷಿಯಾದರೂ ಬೇಕು.

ಲೈಂಗಿಕ ಕಿರುಕುಳದ ದೂರುಗಳ ಬಗ್ಗೆ ಹೇಳದೆ ಈ ಮಾತು ಮುಗಿಯದು. 1997ರ ವಿಶಾಖ ತೀರ್ಪಿನಿಂದ 2013ರ ಕಾಯ್ದೆಯವರೆಗಿನ ದಾರಿ ನಿಮಗೆ ಗೊತ್ತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ, ಹಿರಿಯ ಮಹಿಳೆ ಅಧ್ಯಕ್ಷೆ, ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು, 90 ದಿನಗಳಲ್ಲಿ ವಿಚಾರಣೆ. ಇಲ್ಲಿ ದೂರು ಕೊಟ್ಟವರನ್ನೂ ಕಾಯಬೇಕು, ಎದುರಾಳಿಯ ಮಾತನ್ನೂ ಕೇಳಬೇಕು. ಎರಡೂ ಸಾಧ್ಯ. ರಾಂಚಿಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದ ಪ್ರಕರಣದಲ್ಲಿ, ವಿದ್ಯಾರ್ಥಿನಿಯರ ಹೇಳಿಕೆಯನ್ನು ಆಪಾದಿತ ಹುಡುಗರ ಎದುರು ಪಡೆಯದಿದ್ದರೂ ತಪ್ಪಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಒಪ್ಪಿತ್ತು. ಮುಖಾಮುಖಿ ಕೂರಿಸದೆ, ಪ್ರಶ್ನೆಗಳನ್ನು ಬರೆಸಿಕೊಂಡು ಸಮಿತಿಯ ಮೂಲಕ ಕೇಳುವ ದಾರಿ ಇದೆ. ದೂರು ರುಜುವಾತಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಲ್ಲ ಎಂದು ಕಾಯ್ದೆಯೇ ಹೇಳಿದೆ. ಇದನ್ನು ಸಮಿತಿಯ ಗಂಡಸರು ಮಾತ್ರವಲ್ಲ, ಹೆಂಗಸರೂ ಮರೆಯುತ್ತಾರೆ.

ಆದರೆ ಗೋವಾ ವಿಶ್ವವಿದ್ಯಾಲಯದಲ್ಲಿ ಆದದ್ದು ನೋಡಿ. 2009ರಲ್ಲಿ ವಿದ್ಯಾರ್ಥಿನಿಯರು ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟರು. ಸಮಿತಿ ಆರಂಭದಲ್ಲಿ ನಿಧಾನವಾಗಿ ನಡೆದು, ಕೊನೆಗೆ ಬೇಗ ಮುಗಿಸುವ ಧಾವಂತದಲ್ಲಿ, ಅನಾರೋಗ್ಯ ಎಂದು ಆಪಾದಿತರು ಸಮಯ ಕೇಳಿದರೂ ಬಿಡದೆ, ದಿನದ ಮೇಲೆ ದಿನ ಸಭೆ ನಡೆಸಿ ವರದಿ ಕೊಟ್ಟಿತು. ವಜಾ ಆಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ಮತ್ತೆ ಸಮಿತಿಗೆ ಕಳಿಸಿತು. ಆ ವಿದ್ಯಾರ್ಥಿನಿಯರ ದೃಷ್ಟಿಯಿಂದ ಯೋಚಿಸಿ. ದೂರು ಕೊಟ್ಟು 14 ವರ್ಷ ಕಳೆದ ಮೇಲೆ ಮತ್ತೆ ವಿಚಾರಣೆ. ಕೆಲವು ವಾರ ಉಳಿಸಲು ಹೋಗಿ ಸಮಿತಿ ದ್ರೋಹ ಬಗೆದದ್ದು ದೂರುದಾರರಿಗೇ.

ಐ.ಟಿ. ಕಂಪನಿಗಳಿಗೆ ಸ್ಥಾಯಿ ಆದೇಶಗಳಿಂದ ಕರ್ನಾಟಕ ಸರ್ಕಾರ ಬಹುಕಾಲದಿಂದ ವಿನಾಯಿತಿ ಕೊಡುತ್ತಾ ಬಂದಿತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಅಮಾನತು, ವಜಾದಂಥ ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತೂ ಅದರಲ್ಲಿತ್ತು. ನಡೆಯುವುದು ಬೇರೆ. ಹತ್ತು ನಿಮಿಷದ ಸಭೆ, ಲ್ಯಾಪ್‌ಟಾಪ್ ಅಲ್ಲೇ ಇಟ್ಟು ಹೋಗಿ, ರಾಜೀನಾಮೆ ಪತ್ರ ಸಿದ್ಧವಿದೆ, ಸಹಿ ಹಾಕಿದರೆ ಅನುಭವ ಪತ್ರ ಚೆನ್ನಾಗಿರುತ್ತದೆ. ಇದನ್ನು ನಾನು ವಿಚಾರಣೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಿಚಾರಣಾ ವರದಿಯ ಪ್ರತಿಯನ್ನು ಶಿಕ್ಷೆಗೆ ಮುನ್ನ ನೌಕರನಿಗೆ ಕೊಟ್ಟು ಅವನ ಮಾತು ಕೇಳಬೇಕೆಂಬುದು 1990ರಿಂದ, ಸಂವಿಧಾನ ಪೀಠದ ಮುದ್ರೆಯೊಂದಿಗೆ 1993ರಿಂದ, ಇತ್ಯರ್ಥವಾದ ಸಂಗತಿ. ಶಿಕ್ಷೆ ತಪ್ಪಿಗೆ ತಕ್ಕಂತಿದೆಯೇ ಎಂದು ನೋಡುವ ಅಧಿಕಾರವನ್ನು 1971ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದ 11-ಎ ಕಲಮು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. ವಿಚಾರಣೆ ಬಿದ್ದುಹೋದರೆ ನ್ಯಾಯಾಲಯದಲ್ಲೇ ಸಾಕ್ಷ್ಯ ಹಾಜರುಪಡಿಸುವ ಅವಕಾಶವೂ ಆಡಳಿತ ವರ್ಗಕ್ಕಿದೆ. ಆದರೆ ಅದನ್ನು ತನ್ನ ಹೇಳಿಕೆಯಲ್ಲೇ ಮೊದಲು ಕೇಳಿಕೊಂಡಿರಬೇಕು ಎಂದು ನಮ್ಮ ಕೆ.ಎಸ್.ಆರ್.ಟಿ.ಸಿ.ಯದೇ ಪ್ರಕರಣದಲ್ಲಿ 2001ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಈ ಎರಡನೇ ಅವಕಾಶ ಇರುವುದರಿಂದಲೇ ಮೊದಲ ವಿಚಾರಣೆಯಲ್ಲಿ ಸೋಮಾರಿತನ ಬೆಳೆದಿದೆ ಎನ್ನುವುದು ನನ್ನ ಅನುಮಾನ. ಹತ್ತು ವರ್ಷದ ಮೇಲೆ ಸಾಕ್ಷಿಗಳು ಎಲ್ಲಿ ಸಿಗುತ್ತಾರೆ? ಕೆಲವರು ನಿವೃತ್ತರು, ಕೆಲವರು ಇಲ್ಲ, ಉಳಿದವರಿಗೆ ನೆನಪಿಲ್ಲ. ಇಲಾಖಾ ವಿಚಾರಣೆ ಆರು ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಆ ಪ್ರಕರಣದ ನೌಕರ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅಮಾನತಿನಲ್ಲಿದ್ದರು.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಎಚ್.ಆರ್. ವಿಭಾಗಕ್ಕೋ ಸರ್ಕಾರಿ ಸೇವೆಗೋ ಹೋಗುತ್ತೀರಿ. ಒಂದು ದಿನ ‘ಸಹಿ ಮಾಡಿ, ಮೇಲಿನವರು ಈಗಾಗಲೇ ಹೇಳಿದ್ದಾರೆ’ ಎಂದು ಒಂದು ಆರೋಪ ಪಟ್ಟಿ ನಿಮ್ಮ ಮೇಜಿಗೆ ಬರುತ್ತದೆ. ಅದರಲ್ಲಿ ದಿನಾಂಕವೂ ಸ್ಥಳವೂ ಇವೆಯೇ, ದೂರು ಕೊಟ್ಟವರೇ ವಿಚಾರಣಾಧಿಕಾರಿಯ ಮೇಲಧಿಕಾರಿಯೇ, ಆ ತಿಂಗಳ ಜೀವನಾಧಾರ ಭತ್ಯೆ ನೌಕರನ ಖಾತೆಗೆ ಬಿದ್ದಿದೆಯೇ ಎಂದು ಕೇಳಿ. ಉತ್ತರ ಸಿಗುವವರೆಗೆ ದಯವಿಟ್ಟು ಸಹಿ ಹಾಕಬೇಡಿ.